ಆಡುವ ಮೊದಲೇ ಬಂದ ತೀರ್ಪು: ಹೈಪ್, ವಿಮರ್ಶೆ ಮತ್ತು ಆಟದ ಖುಷಿ

ಪ್ರಶ್ನೆ: ನಾನು ಪಿಂಪ್ರಿ-ಚಿಂಚವಡದಲ್ಲಿದ್ದೇನೆ. ಚಾಕಣದ ಒಂದು ಬಿಡಿಭಾಗ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ, ಊರು ಜಮಖಂಡಿ. ವಿಡಿಯೋ ಗೇಮ್ ನನಗಿರುವ ಒಂದೇ ಹವ್ಯಾಸ. ಒಂದು ದೊಡ್ಡ ಓಪನ್ ವರ್ಲ್ಡ್ (ಮನಬಂದಲ್ಲಿ ಸುತ್ತಾಡಬಹುದಾದ) ಆಟಕ್ಕಾಗಿ ಎರಡು ವರ್ಷ ಕಾದೆ. ಅದರ ಪ್ರತಿಯೊಂದು ಟ್ರೇಲರನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ದೀಪಾವಳಿ ಬೋನಸ್ ಬಂದ ಕೂಡಲೇ ಸುಮಾರು ಐದು ಸಾವಿರ ರೂಪಾಯಿ ಕೊಟ್ಟು ನನ್ನ ಗೇಮ್ ಕನ್ಸೋಲ್ ಪಿಎಸ್ 5 ಗೆ ಪ್ರಿ-ಆರ್ಡರ್ ಮಾಡಿದೆ, ಅಂದರೆ ಬಿಡುಗಡೆಗೆ ಮೊದಲೇ ಕೊಂಡೆ. ಬಿಡುಗಡೆಯ ಮುನ್ನಾದಿನ ಬಂದ ವಿಮರ್ಶೆಗಳಲ್ಲಿ ಕೆಲವರು ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು, ಕೆಲವರು ಏಳು. ಮೊದಲ ಎರಡು ರಾತ್ರಿ ಖುಷಿಯಿಂದಲೇ ಆಡಿದೆ. ಮೂರನೆಯ ದಿನ, ಆಟ ಏಕೆ ಸೋತಿತು ಎಂದು ವಿವರಿಸುವ ಒಂದು ತಾಸಿನ ಯೂಟ್ಯೂಬ್ ವಿಡಿಯೋ ನೋಡಿದೆ. ಅಂದಿನಿಂದ ಆಟ ಹಾಕಿದರೆ ಅವರು ಹೇಳಿದ ದೋಷಗಳೇ ಕಣ್ಣಿಗೆ ಬೀಳುತ್ತವೆ, ಅರ್ಧ ತಾಸಿಗೆ ಬೇಸರವಾಗಿ ನಿಲ್ಲಿಸುತ್ತೇನೆ. ಪುಣೆಗೆ ಓದಲು ಬಂದಿರುವ ನಮ್ಮ ಕಾಕಾನ ಮಗಳು ಈ ಆಟದ ಹೆಸರನ್ನೂ ಕೇಳಿರಲಿಲ್ಲ. ರಜೆಗೆ ಮನೆಗೆ ಬಂದವಳು ಅದನ್ನು ಶುರು ಮಾಡಿ, ಕುದುರೆ ಹತ್ತಿ ಊರೂರು ಸುತ್ತುತ್ತ ಊಟಕ್ಕೂ ಏಳಲಿಲ್ಲ. 'ಅಣ್ಣಾ, ಇಷ್ಟ್ ಚಲೋ ಆಟ ಐತಿ, ಯಾಕ ಬಿಟ್ಟಿ?' ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ನನ್ನ ರುಚಿಯೇ ಕೆಟ್ಟಿದೆಯೇ? ವಿಮರ್ಶಕರು ದುಡ್ಡು ತೆಗೆದುಕೊಂಡು ಬರೆಯುತ್ತಾರೆಯೇ? ವಿಮರ್ಶೆ ಓದುವುದನ್ನೇ ಬಿಟ್ಟುಬಿಡಲೇ? ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ಹೊಸ ಆಟ ಜಿಟಿಎ 6 ಅನ್ನು ಪ್ರಿ-ಆರ್ಡರ್ ಮಾಡಬಹುದೇ?

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ, ಆದರೆ ನಾಲ್ಕರ ಬೇರೂ ಒಂದೇ ಕಡೆ ಇದೆ. ಎರಡು ರಾತ್ರಿ ನಿಜವಾಗಿ ಸಿಕ್ಕಿದ್ದ ಖುಷಿ, ಆಟದಲ್ಲಿ ಏನೊಂದೂ ಬದಲಾಗದಿದ್ದರೂ, ಮೂರನೆಯ ದಿನ ಎಲ್ಲಿಗೆ ಹೋಯಿತು ಎಂಬುದೇ ನಿಮ್ಮನ್ನು ಕಾಡುತ್ತಿದೆ. ಪುಣೆಯ ಗೇಮ್ ಸ್ಟುಡಿಯೋಗಳಿಗಾಗಿ ಪ್ಲೇಟೆಸ್ಟ್ ನಡೆಸುವುದು, ಅಂದರೆ ಇನ್ನೂ ಹೊರಬರದ ಆಟವನ್ನು ಹೊರಗಿನವರ ಕೈಗೆ ಕೊಟ್ಟು ಅವರು ಆಡುವುದನ್ನು ಪಕ್ಕದಲ್ಲಿ ಕುಳಿತು ಗಮನಿಸುವುದು, ನನ್ನ ಉದ್ಯೋಗ. ಆಟಗಾರರ ಕಿವಿಗೆ ಮೊದಲೇ ಬಿದ್ದ ಮಾತು ಅವರ ಅನುಭವವನ್ನು ಬದಲಿಸುತ್ತದೆ ಎಂಬುದು ಈ ಉದ್ಯೋಗದ ಮೊದಲ ಪಾಠ. ಆದ್ದರಿಂದಲೇ ನಾವು ಅನೇಕ ಬಾರಿ ಆಟದ ಹೆಸರನ್ನೂ ಸ್ಟುಡಿಯೋದ ಹೆಸರನ್ನೂ ಮರೆಮಾಡಿ ಆಡಿಸುತ್ತೇವೆ, ಮತ್ತು ನಮ್ಮ ಬಾಯಿಂದ ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ಬಾರದಂತೆ ಎಚ್ಚರ ವಹಿಸುತ್ತೇವೆ.

ನಿಮ್ಮ ರುಚಿ ಕೆಟ್ಟಿಲ್ಲ, ಮೊದಲ ಎರಡು ರಾತ್ರಿಯ ಖುಷಿಯೂ ಹುಸಿಯಾಗಿರಲಿಲ್ಲ. ನಿರೀಕ್ಷೆಯು ಅನುಭವದ ಒಳಗೇ ಸೇರಿಕೊಳ್ಳುತ್ತದೆ ಎಂಬುದಕ್ಕೆ ಗೇಮ್‌ಗಳ ಮೇಲೆಯೇ ನಡೆದ ಪ್ರಯೋಗಗಳಿವೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಅಲೆನಾ ಡೆನಿಸೋವಾ ಮತ್ತು ಪಾಲ್ ಕೇರ್ನ್ಸ್ 2015 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಗಾರರು ಒಂದೇ ಆಟವನ್ನು ಎರಡು ಸುತ್ತು ಆಡಿದರು. ಒಂದು ಸುತ್ತಿನಲ್ಲಿ ಮಾತ್ರ, ನಿಮ್ಮ ಆಟಕ್ಕೆ ತಕ್ಕಂತೆ ಬದಲಾಗುವ ಕೃತಕ ಬುದ್ಧಿಮತ್ತೆಯೊಂದು ಇದರಲ್ಲಿ ಇದೆ ಎಂದು ಅವರಿಗೆ ಹೇಳಲಾಗಿತ್ತು. ವಾಸ್ತವದಲ್ಲಿ ಎರಡೂ ಸುತ್ತುಗಳ ನಡುವೆ ಯಾವ ವ್ಯತ್ಯಾಸವೂ ಇರಲಿಲ್ಲ. ಆದರೂ ಇಲ್ಲದ ಆ ಬುದ್ಧಿಮತ್ತೆ ಇದೆಯೆಂದು ನಂಬಿದ ಸುತ್ತಿನಲ್ಲಿ ಅವರು ಹೆಚ್ಚು ತಲ್ಲೀನರಾದರು, ಅದು ತಮ್ಮ ಆಟವನ್ನು ಹೇಗೆ ಬದಲಿಸಿತು ಎಂದು ವಿವರಿಸಿಯೂ ಹೇಳಿದರು. ಇದರ ಮಗ್ಗುಲಿನ ಸಂಗತಿಯೂ ದಾಖಲಾಗಿದೆ: ಕೆನಡಾದ ಸಂಶೋಧಕರು 2011 ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಕೆಟ್ಟ ವಿಮರ್ಶೆಯನ್ನು ಓದಿ ಆಡಲು ಕುಳಿತವರು ಅದೇ ಆಟಕ್ಕೆ ಕಡಿಮೆ ಅಂಕ ಕೊಟ್ಟರು.

ಇದನ್ನೇ ನಾನು ಹತ್ತಿರದಿಂದ ನೋಡಿದ ಒಂದು ಪ್ರಸಂಗ ಹೇಳುತ್ತೇನೆ. ಬಂಡೆಯಿಂದ ಬಂಡೆಗೆ ಜಿಗಿಯುವ ಒಂದು ಆಟದ ಪರೀಕ್ಷೆಗೆ ಬಂದಿದ್ದ ಹುಡುಗ, ಅದರ ಆರಂಭಿಕ ಆವೃತ್ತಿಯ ಬಗ್ಗೆ ಎಲ್ಲೋ ಒಂದು ವಿಡಿಯೋ ನೋಡಿದ್ದ. ಕಣಿವೆಯ ಅಂಚಿನ ಒಂದು ಕಷ್ಟದ ಜಿಗಿತದಲ್ಲಿ ಮತ್ತೆ ಮತ್ತೆ ಬಿದ್ದ, ಪ್ರತಿ ಬಾರಿಯೂ ನಗುತ್ತ ಕುರ್ಚಿಯಿಂದ ಮುಂದಕ್ಕೆ ಬಾಗಿದ, ದಾಟಿದಾಗ ಕಂಟ್ರೋಲರನ್ನು ತಲೆಯ ಮೇಲೆತ್ತಿ ಹಿಡಿದ. ಆಮೇಲೆ ಪ್ರಶ್ನಾವಳಿಯಲ್ಲಿ, ಕಂಟ್ರೋಲ್‌ಗಳು ತುಂಬ ನಿಧಾನ, ಮಜಾ ಬರಲಿಲ್ಲ ಎಂದು ಬರೆದ. ಯಾವ ಜಾಗದಲ್ಲಿ ಹಾಗನ್ನಿಸಿತು ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿದ, ಒಂದು ಜಾಗವನ್ನೂ ತೋರಿಸಲಾಗಲಿಲ್ಲ. ಅವನು ಸುಳ್ಳು ಹೇಳಲಿಲ್ಲ. ಕೈಗಳು ಒಂದು ಅನುಭವ ಪಡೆದವು, ಅದಕ್ಕೆ ಹೆಸರಿಡುವ ಹೊತ್ತಿಗೆ ನಾಲಿಗೆಗೆ ಸುಲಭವಾಗಿ ಸಿಕ್ಕಿದ್ದು ಮೊದಲೇ ಕೇಳಿದ್ದ ಮಾತು. ನಿಮಗೂ ನಾನು ಸೂಚಿಸುವ ಪರೀಕ್ಷೆ ಇದೇ: ಆಟದ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ಪ್ರತಿಯೊಂದು ದೂರನ್ನೂ ತೆಗೆದುಕೊಂಡು, ಅದು ನಿಮಗೆ ಆಡುತ್ತಿದ್ದಾಗ ಯಾವ ರಾತ್ರಿ, ಯಾವ ಜಾಗದಲ್ಲಿ ತೊಂದರೆ ಕೊಟ್ಟಿತೆಂದು ನೆನಪಿಸಿಕೊಳ್ಳಿ. ಜಾಗ ನೆನಪಾದರೆ ಆ ದೂರು ನಿಮ್ಮದು, ಅದನ್ನು ನಂಬಿ. ನೆನಪಾಗದಿದ್ದರೆ ಅದು ಆ ವಿಡಿಯೋದಿಂದ ಬಂದದ್ದು.

ನಿಮ್ಮ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಇದೆ, ಅದು ಸಿನಿಮಾಕ್ಕೂ ಕಾದಂಬರಿಗೂ ಇಲ್ಲದ, ಗೇಮ್‌ಗೆ ಮಾತ್ರ ಇರುವ ಕಾರಣ. ಸಿನಿಮಾ ನೋಡುವವನು ಯಾವ ಮನಸ್ಥಿತಿಯಲ್ಲಿ ಕುಳಿತರೂ ಪರದೆಯ ಮೇಲೆ ಓಡುವುದು ಅದೇ ಸಿನಿಮಾ. ಗೇಮ್‌ನಲ್ಲಿ ಮುಂದೆ ಏನು ಕಾಣಬೇಕೆಂಬುದನ್ನು ಬಹುಮಟ್ಟಿಗೆ ಆಡುವವನೇ ತೀರ್ಮಾನಿಸುತ್ತಾನೆ. ಊರುಗಳೆಲ್ಲ ಒಂದೇ ತರಹ ಇವೆ ಎಂದು ಕೇಳಿ ಬಂದವನು ಊರುಗಳನ್ನು ಸುತ್ತುವುದಿಲ್ಲ, ಉಪಕಥೆಗಳಲ್ಲಿ ಸತ್ವವಿಲ್ಲ ಎಂದು ಕೇಳಿದವನು ಅವುಗಳನ್ನು ಮುಟ್ಟುವುದಿಲ್ಲ, ಸಂಭಾಷಣೆ ಪೇಲವ ಎಂದು ಕೇಳಿದವನು ಗುಂಡಿ ಒತ್ತಿ ಅವನ್ನು ಹಾರಿಸಿಬಿಡುತ್ತಾನೆ, ಹೀಗೆ ಮಾಡಿದ ಮೇಲೆ ಅವನ ಪಾಲಿಗೆ ಉಳಿಯುವ ಆಟ ನಿಜವಾಗಿಯೂ ಬಡವಾಗಿರುತ್ತದೆ. ವಿಮರ್ಶೆ ಅವನ ಅಭಿಪ್ರಾಯವನ್ನಷ್ಟೇ ಬದಲಿಸಲಿಲ್ಲ, ಅವನು ಆಡುವ ರೀತಿಯನ್ನೇ ಬದಲಿಸಿತು. ನಿಮ್ಮ ತಂಗಿ ಕುದುರೆ ಹತ್ತಿ ಸುಮ್ಮನೆ ತಿರುಗಾಡಿದರು. ನೀವು, ನಿಮ್ಮ ಪತ್ರವನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದರೆ, ಮೂರನೆಯ ದಿನದಿಂದ ಆಟವನ್ನು ಆಡುವುದು ಬಿಟ್ಟು ತಪಾಸಣೆಗೆ ತೊಡಗಿದಿರಿ. ಕಾರ್ಖಾನೆಯಲ್ಲಿ ಗೋ, ನೋ-ಗೋ ಗೇಜ್ ಹಿಡಿದು ಬಿಡಿಭಾಗವನ್ನು ನೋಡುವಾಗ ಅದು ಪಾಸೋ ರಿಜೆಕ್ಟೋ ಎಂಬುದು ಮಾತ್ರ ತಿಳಿಯುತ್ತದೆ, ಆ ಭಾಗ ಗಾಡಿಯಲ್ಲಿ ಕುಳಿತು ಹೇಗೆ ಓಡುತ್ತದೆ ಎಂಬುದು ಅಲ್ಲಿ ತಿಳಿಯುವುದಿಲ್ಲ. ಹಾಗೆ ನೋಡುವುದು ನಿಮ್ಮ ವೃತ್ತಿಗೆ ಅಗತ್ಯ, ರಾತ್ರಿ ಸೋಫಾದ ಮೇಲೆ ಅಗತ್ಯವಿಲ್ಲ.

ತಂಗಿಯ ಪರವಾಗಿ ಇನ್ನೆರಡು ಅನುಕೂಲಗಳಿದ್ದವು ಎಂಬುದನ್ನೂ ಹೇಳಬೇಕು. ಅವರು ಆಟಕ್ಕೆ ಹಣ ಕೊಟ್ಟಿರಲಿಲ್ಲ, ಮತ್ತು ಅದನ್ನು ಮುಗಿಸಬೇಕೆಂಬ ಹೊಣೆಯೂ ಅವರಿಗೆ ಇರಲಿಲ್ಲ. ಬೋನಸ್ ಹಣದ ಐದು ಸಾವಿರಕ್ಕೆ ಲೆಕ್ಕ ಸರಿಹೋಯಿತೇ ಎಂದು ಪ್ರತಿ ತಾಸಿಗೂ ಮನಸ್ಸು ಕೇಳುತ್ತಿದ್ದರೆ ಖುಷಿ ನಿಲ್ಲುವುದು ಕಷ್ಟ.

ಈಗ ಹೈಪ್‌ಗೆ, ಅಂದರೆ ಬಿಡುಗಡೆಗೆ ಮುನ್ನ ಏರುವ ನಿರೀಕ್ಷೆಯ ಅಬ್ಬರಕ್ಕೆ ಬರೋಣ. ಎರಡು ವರ್ಷ ಕಾದದ್ದು ವ್ಯರ್ಥವಾಯಿತೆಂದು ದಯವಿಟ್ಟು ಭಾವಿಸಬೇಡಿ. ಗೆಳೆಯರೊಂದಿಗೆ ಟ್ರೇಲರ್ ಹಂಚಿಕೊಂಡು ಊಹೆ ಮಾಡಿದ ಸಂಜೆಗಳು ಆಟದ ಸುಖದಲ್ಲಿ ನಿಜವಾದ ಪಾಲು, ಅದನ್ನು ನೀವು ಆಗಲೇ ಅನುಭವಿಸಿದ್ದೀರಿ. ತೊಂದರೆ ಇರುವುದು ಟ್ರೇಲರ್ ತಯಾರಾಗುವ ಕ್ರಮದಲ್ಲಿ. ಆಟ ಮುಗಿಯಲು ಇನ್ನೂ ಬಹಳ ಕಾಲವಿರುವಾಗಲೇ ಸ್ಟುಡಿಯೋದವರು ಅದರ ಒಂದು ಸಣ್ಣ ಭಾಗವನ್ನು ಮಾತ್ರ ಅಂತಿಮ ಗುಣಮಟ್ಟಕ್ಕೆ ತಂದು ಸಿದ್ಧಪಡಿಸುತ್ತಾರೆ, ಇದನ್ನು ನಮ್ಮಲ್ಲಿ ವರ್ಟಿಕಲ್ ಸ್ಲೈಸ್ ಎನ್ನುತ್ತೇವೆ. ಅದರಲ್ಲಿ ಪಾತ್ರ ನಡೆಯುವ ದಾರಿ ನಿಗದಿಯಾಗಿರುತ್ತದೆ, ಆಡಿ ತೋರಿಸುವವರು ಹಲವು ಬಾರಿ ಅಭ್ಯಾಸ ಮಾಡಿರುತ್ತಾರೆ, ಆ ದಾರಿಯ ಎಡಬಲದ ಬಾಗಿಲುಗಳ ಹಿಂದೆ ಆಗ ಏನೂ ಇರುವುದಿಲ್ಲ. ಇದು ಮೋಸವೆಂದು ನಾನು ಹೇಳುವುದಿಲ್ಲ, ಏಕೆಂದರೆ ತಂಡಕ್ಕೂ ಹಣ ಹೂಡಿದವರಿಗೂ ಆಟ ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ತಿಳಿಯಲು ಇಂಥದೊಂದು ಬೇಕೇ ಬೇಕು. ಆದರೆ ನೋಡುವವರು ಆ ಮುಚ್ಚಿದ ಬಾಗಿಲುಗಳ ಹಿಂದೆ ತಮಗೆ ಬೇಕಾದುದನ್ನೆಲ್ಲ ಕಲ್ಪಿಸಿಕೊಳ್ಳುತ್ತಾರೆ, ಎರಡು ವರ್ಷ ಕಲ್ಪಿಸಿಕೊಂಡ ಆಟದ ಜೊತೆ ಯಾವ ಆಟವೂ ಪೈಪೋಟಿ ಮಾಡಲಾರದು.

ಇದಕ್ಕೆ ನೋ ಮ್ಯಾನ್ಸ್ ಸ್ಕೈ ಎಂಬ ಬಾಹ್ಯಾಕಾಶದ ಆಟ ಅತ್ಯಂತ ಸ್ಪಷ್ಟ ಉದಾಹರಣೆ. ಇಂಗ್ಲೆಂಡಿನ ಹೆಲೋ ಗೇಮ್ಸ್ ಎಂಬ ಪುಟ್ಟ ತಂಡ 2013 ರ ಡಿಸೆಂಬರ್‌ನಲ್ಲಿ ಅದನ್ನು ಘೋಷಿಸಿತು. 2016 ರ ಆಗಸ್ಟ್‌ನಲ್ಲಿ ಬಿಡುಗಡೆಯಾದಾಗ, ಲೆಕ್ಕವಿಲ್ಲದಷ್ಟು ಗ್ರಹಗಳಿದ್ದವು, ಆದರೆ ಆಟದೊಳಗೆ ಭೇಟಿಯಾಗಬಹುದೆಂದು ನಿರೀಕ್ಷಿಸಿ ಒಂದೇ ಜಾಗಕ್ಕೆ ಬಂದು ನಿಂತ ಇಬ್ಬರು ಆಟಗಾರರು ಪರಸ್ಪರ ಕಾಣಲಿಲ್ಲ. ಜನರ ಕೋಪ ಎಷ್ಟಿತ್ತೆಂದರೆ ದೂರು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯವರೆಗೂ ಹೋಯಿತು, ಆ ಸಂಸ್ಥೆ ಜಾಹೀರಾತಿನಲ್ಲಿ ತಪ್ಪಿಲ್ಲವೆಂದು ಅದೇ ವರ್ಷ ತೀರ್ಮಾನಿಸಿತು. ತಂಡ ಮಾತ್ರ ಕೆಲಸ ಬಿಡಲಿಲ್ಲ, 2018 ರ ಜುಲೈಯಲ್ಲಿ ಪೂರ್ಣ ಮಲ್ಟಿಪ್ಲೇಯರ್ (ಹಲವರು ಒಟ್ಟಿಗೆ ಆಡುವ ವ್ಯವಸ್ಥೆ) ಸೇರಿಸಿತು. ಇಂದು ಅದನ್ನು ಮೊದಲ ಬಾರಿ ಆಡುವವರಿಗೆ ಆ ಕೋಪದ ಕಾರಣವೇ ಅರ್ಥವಾಗುವುದಿಲ್ಲ.

ನಮ್ಮ ದೇಶದ ಫೌ-ಜಿ ಆಟವನ್ನು ನೆನೆಯಿರಿ. ಪಬ್‌ಜಿ ಮೊಬೈಲ್ 2020 ರ ಸೆಪ್ಟೆಂಬರ್ 2 ರಂದು ನಿಷೇಧವಾಯಿತು, ಎರಡೇ ದಿನದಲ್ಲಿ ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ ಫೌ-ಜಿಯನ್ನು ನಟ ಅಕ್ಷಯ್ ಕುಮಾರ್ ಘೋಷಿಸಿದರು. ಪಬ್‌ಜಿಯ ಜಾಗ ತುಂಬುವ ಬ್ಯಾಟಲ್ ರಾಯಲ್ (ಕೊನೆಗೆ ಉಳಿದವರೇ ಗೆಲ್ಲುವ ಆಟ) ಬರುತ್ತದೆಂದು ದೇಶದ ಹುಡುಗರೆಲ್ಲ ತಾವೇ ತೀರ್ಮಾನಿಸಿಬಿಟ್ಟರು. 2021 ರ ಗಣರಾಜ್ಯೋತ್ಸವದ ದಿನ ಬಂದದ್ದು ಗಾಲ್ವಾನ್ ಕಣಿವೆಯ ಹಿನ್ನೆಲೆಯ, ಒಬ್ಬರೇ ಆಡುವ, ಕೈಕೈ ಮಿಲಾಯಿಸುವ ಕಾಳಗದ ಆಟ. ಕೆಲವೇ ದಿನಗಳಲ್ಲಿ ಪ್ಲೇ ಸ್ಟೋರಿನಲ್ಲಿ ಅದರ ರೇಟಿಂಗ್ ಕುಸಿಯಿತು. ಆ ಆಟದಲ್ಲಿ ಕೊರತೆಗಳಿದ್ದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಉಚಿತವಾಗಿ ಸಿಕ್ಕ ಆಟದ ಮೇಲೆ ಅಷ್ಟು ಸಿಟ್ಟು ಬಂದದ್ದು, ಹಣಕ್ಕಿಂತ ನಿರೀಕ್ಷೆಯ ನಷ್ಟವೇ ಜನರನ್ನು ಹೆಚ್ಚು ನೋಯಿಸುತ್ತದೆ ಎಂಬುದಕ್ಕೆ ಸಾಕ್ಷಿ.

ನಮ್ಮ ಪುಣೆಯ ಎರಡು ಅನುಭವಗಳನ್ನೂ ಇಲ್ಲಿ ಹೇಳಲೇಬೇಕು. 2020 ರ ಸೆಪ್ಟೆಂಬರ್‌ನಲ್ಲಿ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೋಗಳು ತಯಾರಿಸುತ್ತಿದ್ದ ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್ ಆಟದ ಹೊಸ ಆವೃತ್ತಿಯ ಟ್ರೇಲರ್ ಬಂತು. ಗ್ರಾಫಿಕ್ಸ್ ಹಳೆಯದಾಗಿ ಕಾಣುತ್ತದೆ ಎಂಬ ಟೀಕೆ ಜಗತ್ತಿನೆಲ್ಲೆಡೆಯಿಂದ ಬಂತು, ಬಿಡುಗಡೆ ಮುಂದೆ ಮುಂದೆ ಹೋಯಿತು, 2022 ರಲ್ಲಿ ಆ ಕೆಲಸವನ್ನು ಮಾಂಟ್ರಿಯಲ್ ಸ್ಟುಡಿಯೋಗೆ ವರ್ಗಾಯಿಸಲಾಯಿತು. ಈ ಊರಿನವರು ಮಾಡಿದ ಆಟ ಕೈಯಲ್ಲಿ ಹಿಡಿದಾಗ ಹೇಗಿತ್ತೆಂಬುದನ್ನು ಯಾರೂ ಆಡಿ ತಿಳಿಯಲಿಲ್ಲ. ಆ ಟ್ರೇಲರ್ ಬಂದ 2020 ರ ಆಗಸ್ಟ್‌ನಲ್ಲೇ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನ ರಾಜಿ: ಆ್ಯನ್ ಏನ್ಷಂಟ್ ಎಪಿಕ್ ಹೊರಬಂತು. ಪುಟ್ಟ ತಂಡದ, ಕೆಲವೇ ತಾಸುಗಳಲ್ಲಿ ಮುಗಿಯುವ ಆ ಆಟದ ಚಿತ್ರಕಲೆಯನ್ನೂ ಪುರಾಣದ ಹಿನ್ನೆಲೆಯನ್ನೂ ವಿಮರ್ಶಕರು ಮೆಚ್ಚಿದರು, ಕಾಳಗದ ಭಾಗವನ್ನೂ ಅವಸರದ ಮುಕ್ತಾಯವನ್ನೂ ಟೀಕಿಸಿದರು, ಅದು ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಆಟಗಳ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. ಭಾರತದ ಆಟ ವಿದೇಶದ ದೊಡ್ಡ ಸ್ಟುಡಿಯೋಗಳನ್ನು ಮೀರಿಸಲಿ ಎಂಬ ಹೆಮ್ಮೆಯಿಂದ ಅದನ್ನು ತೆರೆದವರಿಗೆ ಅದು ಚಿಕ್ಕದಾಗಿ ಕಂಡಿತು, ಒಂದು ಸಂಜೆಗೆ ಒಳ್ಳೆಯ ಕಥೆ ಬೇಕೆಂದು ತೆರೆದವರಿಗೆ ಹಾಗೆ ಕಾಣಲಿಲ್ಲ. ದೇಶಾಭಿಮಾನವೂ ಒಂದು ಬಗೆಯ ಹೈಪ್ ಆಗಬಲ್ಲದು, ಅದರ ಭಾರವನ್ನು ಸಣ್ಣ ತಂಡಗಳ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಿಮರ್ಶಕರು ಹಣ ಪಡೆಯುತ್ತಾರೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಎರಡು ಭಾಗದಲ್ಲಿದೆ. ಹೆಸರುಳ್ಳ ಪತ್ರಿಕೆಗಳ ವಿಮರ್ಶಕರಿಗೆ ಕಂಪನಿಗಳಿಂದ ಉಚಿತ ಪ್ರತಿ ಸಿಗುತ್ತದೆ, ನಿಗದಿತ ಗಳಿಗೆಗೆ ಮುನ್ನ ಪ್ರಕಟಿಸಬಾರದೆಂಬ ಎಂಬಾರ್ಗೊ ಇರುತ್ತದೆ, ಆದರೆ ಅಂಕಕ್ಕೆ ಪ್ರತಿಯಾಗಿ ಹಣ ಕೈ ಬದಲಾಗುವುದು ಸಾಮಾನ್ಯ ರೂಢಿಯಲ್ಲ. ವಿಡಿಯೋ ಮಾಡುವ ಕ್ರಿಯೇಟರ್‌ಗಳಲ್ಲಿ ಪ್ರಾಯೋಜಿತ ವಿಡಿಯೋಗಳು ಇವೆ. ಮುಂಬೈಯಲ್ಲಿ ಕಚೇರಿ ಇರುವ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು 2021 ರ ಜೂನ್‌ನಿಂದ ಜಾರಿಗೆ ತಂದ ಮಾರ್ಗಸೂಚಿಯಂತೆ ಅಂಥವುಗಳಲ್ಲಿ ಜಾಹೀರಾತು ಎಂಬ ಗುರುತು ಸ್ಪಷ್ಟವಾಗಿ ಕಾಣಬೇಕು. ಆ ಗುರುತನ್ನು ಹುಡುಕುವ ಅಭ್ಯಾಸ ಒಳ್ಳೆಯದು. ತೆಗಳುವ ವಿಡಿಯೋ ಪ್ರಾಮಾಣಿಕ, ಹೊಗಳುವ ವಿಡಿಯೋ ಮಾರಾಟದ್ದು ಎಂಬ ನಂಬಿಕೆಯೂ ಸರಿಯಲ್ಲ. ಕೋಪದ ವಿಡಿಯೋಗೆ ನೋಡುಗರು ಹೆಚ್ಚು, ನೋಡುಗರಿಂದ ವರಮಾನ, ಆದ್ದರಿಂದ ಅದರ ಹಿಂದೆಯೂ ಒಂದು ಲಾಭ ಇದ್ದೇ ಇದೆ.

ನಿಜವಾದ ದೋಷಗಳು ಲಂಚಕ್ಕಿಂತ ಸಾಧಾರಣವಾದವು, ಆದರೆ ಪರಿಣಾಮ ದೊಡ್ಡದು. ನೀವು ಮೂರು ತಿಂಗಳಲ್ಲಿ ಬಿಡುವಾದಾಗ ಆಡುವ ಆಟವನ್ನು ವಿಮರ್ಶಕರು ಒಂದು ವಾರದಲ್ಲಿ, ಮುಗಿಸಬೇಕೆಂಬ ಧಾವಂತದಲ್ಲಿ ಆಡಿರುತ್ತಾರೆ. ಹಾಗೆ ಆಡಿದವರಿಗೆ ಒಂದೇ ಬಗೆಯ ಕೆಲಸಗಳು ಬೇಗ ಬೇಸರ ತರಿಸುತ್ತವೆ, ವಾರಕ್ಕೆರಡು ರಾತ್ರಿ ಆಡುವವರಿಗೆ ಅದು ಗಮನಕ್ಕೂ ಬರುವುದಿಲ್ಲ. ಅವರು ಆಡಿದ ಯಂತ್ರವೂ ನಿಮ್ಮದಾಗಿರುವುದಿಲ್ಲ. ಸೈಬರ್‌ಪಂಕ್ 2077 ರ ಪ್ರಸಂಗದಲ್ಲಿ ಇದು ಎಲ್ಲರಿಗೂ ಪಾಠ ಕಲಿಸಿತು: 2013 ರಲ್ಲಿ ಮೊದಲ ಟ್ರೇಲರ್ ಬಂದು, ಹಲವು ಬಾರಿ ಮುಂದೂಡಿ, 2020 ರ ಡಿಸೆಂಬರ್ 10 ರಂದು ಆಟ ಬಂತು. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ, ಅಂಕಗಳು ಚೆನ್ನಾಗಿಯೇ ಇದ್ದವು. ಪಿಎಸ್ 4 ರಲ್ಲಿ ಅದು ಆಡಲಾಗದ ಸ್ಥಿತಿಯಲ್ಲಿತ್ತು, ಸೋನಿ ಒಂದು ವಾರದಲ್ಲೇ ಅದನ್ನು ತನ್ನ ಸ್ಟೋರಿನಿಂದ ತೆಗೆದು ಹಣ ಮರಳಿಸತೊಡಗಿತು, 2021 ರ ಜೂನ್‌ವರೆಗೆ ಮತ್ತೆ ಹಾಕಲಿಲ್ಲ. ಆ ವಿಮರ್ಶೆಗಳು ಸುಳ್ಳಾಗಿರಲಿಲ್ಲ, ಬೇರೆ ಯಂತ್ರದ ಬಗ್ಗೆ ಬರೆದವಾಗಿದ್ದವು. 2023 ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಬಂದ ಮೇಲೆ ಪಿಸಿಯಲ್ಲೋ ಪಿಎಸ್ 5 ರಲ್ಲೋ ಆಡಿದವರಿಗೆ 2020 ರ ಆ ವಿಮರ್ಶೆಗಳೂ ಅಂದಿನ ಬೈಗುಳಗಳೂ ಎರಡೂ ಉಪಯೋಗಕ್ಕೆ ಬಾರವು.

ಅಂಕಗಳ ಬಗ್ಗೆ ಒಂದು ಮಾತು. ಹತ್ತರ ಮಾಪಕದಲ್ಲಿ ಐದು ಸಾಧಾರಣ ಆಗಬೇಕು, ಆದರೆ ಗೇಮ್ ವಿಮರ್ಶೆಯಲ್ಲಿ ಏಳು ಬಂದರೇ ಜನ ಸೋತ ಆಟವೆನ್ನುತ್ತಾರೆ. ಅಂಕಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಬಂದ ಮೇಲೆ ಉದ್ಯಮವೇ ಆ ಅಂಕಿಗೆ ಕಟ್ಟುಬಿದ್ದಿತು. 2010 ರ ಫಾಲೌಟ್: ನ್ಯೂ ವೆಗಾಸ್ ತಯಾರಿಸಿದ ತಂಡಕ್ಕೆ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 85 ಅಂಕ ಬಂದರೆ ಬೋನಸ್ ಎಂಬ ಕರಾರಿತ್ತು, ಬಂದದ್ದು 84. ಇಂದಿಗೂ ಜನ ಪ್ರೀತಿಯಿಂದ ಆಡುವ ಆಟವದು. ಬಳಕೆದಾರರ ಅಂಕಗಳು ಇನ್ನೂ ಅಸ್ಥಿರ. 2020 ರ ಜೂನ್‌ನಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬಿಡುಗಡೆಯಾದ ಕೆಲವೇ ತಾಸುಗಳಲ್ಲಿ, ಆಟ ಮುಗಿಸಲು ಸಾಧ್ಯವೇ ಇಲ್ಲದ ಅವಧಿಯಲ್ಲಿ, ಸಾವಿರಾರು ಸೊನ್ನೆಗಳು ಬಿದ್ದವು. ಆ ಬಳಿಕ ಮೆಟಾಕ್ರಿಟಿಕ್, ಬಿಡುಗಡೆಯಾಗಿ 36 ತಾಸು ಕಳೆಯುವವರೆಗೆ ಬಳಕೆದಾರರು ಅಂಕ ಹಾಕದಂತೆ ನಿಯಮ ಮಾಡಿತು. ಮೊದಲು ಬಿದ್ದ ಅಭಿಪ್ರಾಯ ಮುಂದಿನವರನ್ನು ಎಳೆದುಕೊಂಡು ಹೋಗುತ್ತದೆ ಎಂಬುದನ್ನು 2013 ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗವೂ ತೋರಿಸಿದೆ: ಸುದ್ದಿ ಹಂಚುವ ಜಾಲತಾಣವೊಂದರ ಪ್ರತಿಕ್ರಿಯೆಗಳಿಗೆ ಸಂಶೋಧಕರು ಮನಬಂದಂತೆ ಒಂದೊಂದು ಮೆಚ್ಚುಗೆ ಹಾಕಿದ್ದಕ್ಕೇ ಅವುಗಳ ಅಂತಿಮ ಅಂಕ ಸರಾಸರಿ 25% ಏರಿತು.

ಹಾಗಾದರೆ ವಿಮರ್ಶೆ ಓದುವುದನ್ನು ಬಿಡಬೇಕೇ? ಬೇಡ. ವಿಮರ್ಶೆಯಲ್ಲಿ ಎರಡು ಬಗೆಯ ಮಾತುಗಳು ಬೆರೆತಿರುತ್ತವೆ, ಅವುಗಳನ್ನು ಬೇರೆ ಬೇರೆ ಕಾಲದಲ್ಲಿ ಓದಬೇಕು ಎಂಬುದೇ ಇಷ್ಟು ವರ್ಷ ಆಟಗಾರರನ್ನು ನೋಡಿ ನಾನು ಕಂಡುಕೊಂಡದ್ದು. ನಿಮ್ಮ ಕನ್ಸೋಲಿನಲ್ಲಿ ಫ್ರೇಮ್ ರೇಟ್ (ತೆರೆಯ ಚಿತ್ರ ಬದಲಾಗುವ ವೇಗ) ಸ್ಥಿರವಾಗಿದೆಯೇ, ಆಟ ಕ್ರ್ಯಾಶ್ ಆಗುತ್ತದೆಯೇ, ಸೇವ್ (ಆಡಿದಷ್ಟರ ದಾಖಲೆ) ಅಳಿಸಿಹೋಗುವ ಬಗ್ ಇದೆಯೇ, ಇಂಟರ್ನೆಟ್ ಇಲ್ಲದೆ ಆಡಬಹುದೇ, ಕೊಂಡ ಮೇಲೆ ಒಳಗೆ ಮತ್ತೆ ಹಣ ಕೇಳುತ್ತದೆಯೇ, ಅದು ಯಾವ ಜಾತಿಯ ಆಟ, ಇವು ಕೊಳ್ಳುವ ಮೊದಲು ತಿಳಿಯಬೇಕಾದ ವಾಸ್ತವಾಂಶಗಳು. ಇವುಗಳಿಂದ ಖುಷಿಗೆ ಹಾನಿಯಿಲ್ಲ, ಹಣಕ್ಕೆ ರಕ್ಷಣೆ ಇದೆ. ಕಥೆ ಮನಸ್ಸಿಗೆ ತಟ್ಟಿತೇ, ನಗರ ಜೀವಂತವೆನಿಸಿತೇ, ಇದು ಸೋಲೋ ಗೆಲುವೋ ಎಂಬ ತೀರ್ಪಿನ ಮಾತುಗಳನ್ನು ಆಟ ಮುಗಿದ ಮೇಲೆ ಓದಿ. ಆಗ ನಿಮ್ಮ ಬಳಿಯೂ ಒಂದು ಅಭಿಪ್ರಾಯ ಇರುತ್ತದೆ. ಒಳ್ಳೆಯ ವಿಮರ್ಶಕರೊಂದಿಗೆ ಮನಸ್ಸಿನಲ್ಲೇ ವಾದಿಸಬಹುದು, ನಿಮಗೆ ಕಾಣದೆ ಉಳಿದಿದ್ದನ್ನು ಅವರು ತೋರಿಸಿದಾಗ ಆಟ ಇನ್ನೊಮ್ಮೆ ಹೊಸದಾಗುತ್ತದೆ. ಅತ್ಯಂತ ಹಾನಿಕರವಾದ ಕಾಲವೆಂದರೆ ಆಟದ ನಡುಭಾಗ, ನೀವು ಆ ಒಂದು ತಾಸಿನ ವಿಡಿಯೋ ನೋಡಿದ್ದು ಸರಿಯಾಗಿ ಅಲ್ಲಿ.

ಕಥೆ ಮೊದಲೇ ತಿಳಿದರೆ ಎಲ್ಲವೂ ಹಾಳು ಎಂಬ ಭಯವೂ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ 2011 ರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಸಣ್ಣಕಥೆಗಳ ಅಂತ್ಯವನ್ನು ಮೊದಲೇ ತಿಳಿದು ಓದಿದವರು ಕಡಿಮೆ ಸುಖಪಡಲಿಲ್ಲ. ಆದರೆ ಬಾಹ್ಯಾಕಾಶದ ಒಗಟು ಬಿಡಿಸುವ ಔಟರ್ ವೈಲ್ಡ್ಸ್‌ನಂಥ ಆಟದಲ್ಲಿ ಆಟಗಾರ ಗಳಿಸುವುದೆಲ್ಲ ತಿಳಿವಳಿಕೆಯೇ ಆಗಿರುವುದರಿಂದ ಉತ್ತರ ತಿಳಿದರೆ ಆಟವೇ ಮುಗಿದಂತೆ. ಒಗಟಿನ ಆಟಗಳ ಬಗ್ಗೆ ಹೆಸರು ಮತ್ತು ಬೆಲೆಯ ಹೊರತು ಏನನ್ನೂ ಓದಬೇಡಿ.

ಬೇರೆ ದಾರಿಗಳೂ ಇವೆ, ಒಂದೊಂದಕ್ಕೂ ಅದರದೇ ಅಪಾಯವಿದೆ. ಏನನ್ನೂ ಓದದೆ ಕೊಳ್ಳುವುದರಿಂದ ಮನಸ್ಸು ತಾಜಾ ಇರುತ್ತದೆ, ಕೆಟ್ಟ ಸ್ಥಿತಿಯ ಆಟಕ್ಕೆ ಹಣ ಹೋಗುವ ಸಂಭವವೂ ಇರುತ್ತದೆ. ಆರು ತಿಂಗಳು ಕಾದರೆ ಬೆಲೆ ಇಳಿಯುತ್ತದೆ, ದೋಷ ತಿದ್ದುವ ಪ್ಯಾಚ್‌ಗಳು ಬಂದಿರುತ್ತವೆ, ಜಗಳಗಳು ತಣ್ಣಗಾಗಿರುತ್ತವೆ. ಒಬ್ಬರೇ ಆಡುವ ಆಟಗಳಿಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ. ಆದರೆ ಗೆಳೆಯರೊಂದಿಗೆ ಆನ್‌ಲೈನ್‌ನಲ್ಲಿ ಆಡುವ ಆಟಕ್ಕೆ ಕಾದರೆ, ನೀವು ಹೋಗುವ ಹೊತ್ತಿಗೆ ಗೆಳೆಯರು ಬೇರೆ ಆಟಕ್ಕೆ ಹೋಗಿರಬಹುದು. ಪಿಸಿಯಲ್ಲಿ ಆಡುವವರಿಗೆ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ, ಕೊಂಡ 14 ದಿನದೊಳಗೆ ಮತ್ತು 2 ತಾಸಿಗಿಂತ ಕಡಿಮೆ ಆಡಿದ್ದರೆ, ಹಣ ಮರಳಿಸುತ್ತದೆ. ಇದು ಒಳ್ಳೆಯ ರಕ್ಷಣೆ, ಆದರೆ ನಿಧಾನವಾಗಿ ತೆರೆದುಕೊಳ್ಳುವ ಆಟಕ್ಕೆ ಆ ಎರಡು ತಾಸು ಸಾಲದು, ಗಡಿಯಾರ ನೋಡುತ್ತ ಆಡಿದರೆ ಮತ್ತೆ ತಪಾಸಣೆಯೇ ಆಗುತ್ತದೆ. ನಿಮ್ಮಂಥ ಕನ್ಸೋಲಿನವರು, ಡಿಸ್ಕ್ ಹಾಕುವ ಪಿಎಸ್ 5 ಇದ್ದರೆ, ಡಿಸ್ಕನ್ನೇ ಕೊಳ್ಳುವುದು ಲೇಸು. ಮುಂಬೈಯ ಲ್ಯಾಮಿಂಗ್ಟನ್ ರೋಡಿನಂಥ ಕಡೆ ಹಳೆಯ ಡಿಸ್ಕ್ ಕೊಟ್ಟು ಬೇರೆಯದನ್ನು ತರಬಹುದು. ಹೊಸ ಆಟಕ್ಕೆ ಮೊದಲ ವಾರಗಳಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ, ಆಮೇಲೆ ಬೇಗ ಇಳಿಯುತ್ತದೆ. ಡಿಜಿಟಲ್ ಪ್ರತಿಯನ್ನು ಮಾರಲಾಗುವುದಿಲ್ಲ.

ಮನೆಯಲ್ಲಿರುವ ಆ ಆಟಕ್ಕೆ ಏನು ಮಾಡಬೇಕೆಂದರೆ, ಒಂದೆರಡು ತಿಂಗಳು ಅದನ್ನು ಮುಟ್ಟಬೇಡಿ, ಅದರ ಬಗ್ಗೆ ಏನನ್ನೂ ನೋಡಬೇಡಿ. ಯೂಟ್ಯೂಬಿನಲ್ಲಿ ಆ ಹೆಸರಿನ ವಿಡಿಯೋಗಳಿಗೆ ಆಸಕ್ತಿಯಿಲ್ಲ ಎಂಬ ಗುಂಡಿ ಒತ್ತಿ, ನೋಡಿದ ವಿಡಿಯೋವನ್ನು ಇತಿಹಾಸದಿಂದ ಅಳಿಸಿ, ಇಲ್ಲವಾದರೆ ಅದೇ ಬಗೆಯವು ಮತ್ತೆ ಮತ್ತೆ ಬರುತ್ತವೆ. ಮತ್ತೆ ಶುರು ಮಾಡುವಾಗ ಹಳೆಯ ಸೇವ್ ಬಿಟ್ಟು ಹೊಸದಾಗಿ ಆರಂಭಿಸಿ, ತೆರೆಯ ಮೇಲಿನ ಕಾರ್ಯಸೂಚಿಯನ್ನೂ ದಾರಿ ತೋರುವ ಬಾಣಗಳನ್ನೂ ಸೆಟ್ಟಿಂಗ್ಸ್‌ನಲ್ಲಿ ಸಾಧ್ಯವಿದ್ದಷ್ಟು ಆಫ್ ಮಾಡಿ, ಮೊದಲ ರಾತ್ರಿ ಮುಖ್ಯ ಕಥೆಯನ್ನು ಮುಟ್ಟದೆ ಸುತ್ತಾಡಿ. ಇಷ್ಟಾದ ಮೇಲೂ ಬೇಸರವಾದರೆ ಆ ಆಟ ನಿಮಗೆ ಹಿಡಿಸಲಿಲ್ಲವೆಂದೇ ಅರ್ಥ, ಅದನ್ನು ಸಂಕೋಚವಿಲ್ಲದೆ ಬಿಟ್ಟುಬಿಡಿ. ಕೊಟ್ಟ ಹಣಕ್ಕಾಗಿ ಇನ್ನಷ್ಟು ರಾತ್ರಿಗಳನ್ನು ಕಳೆಯುವುದರಿಂದ ಹಣ ಮರಳುವುದಿಲ್ಲ.

ಜಿಟಿಎ 6 ವಿಷಯಕ್ಕೆ ನನ್ನ ಸಲಹೆ ಪ್ರಿ-ಆರ್ಡರ್ ಬೇಡ ಎಂಬುದು. ಮೊದಲ ಟ್ರೇಲರ್ 2023 ರ ಡಿಸೆಂಬರ್‌ನಲ್ಲಿ ಬಂತು, ಬಿಡುಗಡೆ ಒಂದಕ್ಕಿಂತ ಹೆಚ್ಚು ಬಾರಿ ಮುಂದೆ ಹೋಗಿದೆ. ಡಿಜಿಟಲ್ ಪ್ರತಿಗಳು ಖಾಲಿಯಾಗುವ ವಸ್ತುವಲ್ಲವಾದ್ದರಿಂದ ಮೊದಲೇ ಹಣ ಕಟ್ಟಿದವರಿಗೆ ಸಿಗುವ ಲಾಭ, ಒಂದಿಷ್ಟು ಬೋನಸ್ ಸಾಮಗ್ರಿ ಕೊಟ್ಟರೆ, ಅಷ್ಟೇ. ಪ್ಲೇಸ್ಟೇಷನ್ ಸ್ಟೋರಿನಲ್ಲಿ ಡೌನ್‌ಲೋಡ್ ಒಮ್ಮೆ ಆರಂಭವಾದರೆ, ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಸಾಮಾನ್ಯವಾಗಿ ಹಣ ಮರಳುವುದಿಲ್ಲ, ಪ್ರಿ-ಆರ್ಡರ್ ಮಾಡಿದ ಆಟ ತಾನಾಗಿಯೇ ಡೌನ್‌ಲೋಡ್ ಆಗುವ ಆಯ್ಕೆ ಚಾಲೂ ಇದ್ದರೆ ಆ ಅವಕಾಶ ನಿಮಗೆ ತಿಳಿಯದೆಯೇ ಮುಗಿದಿರುತ್ತದೆ. ಬಿಡುಗಡೆಯಾಗಿ ನಾಲ್ಕೈದು ದಿನ ಬಿಟ್ಟು, ಪಿಎಸ್ 5 ರಲ್ಲೇ ಪರೀಕ್ಷಿಸಿದ ಒಂದು ತಾಂತ್ರಿಕ ವರದಿಯನ್ನು ಓದಿ, ಸ್ಥಿತಿ ಸರಿಯಿದ್ದರೆ ಕೊಳ್ಳಿ. ಆನ್‌ಲೈನ್‌ನಲ್ಲಿ ಗೆಳೆಯರಿಂದ ಹಿಂದೆ ಬೀಳುವ ಭಯವಿದ್ದರೆ ಹಿಂದಿನ ಆಟದ ಚರಿತ್ರೆ ನೋಡಿ: ಜಿಟಿಎ 5 ಬಂದದ್ದು 2013 ರ ಸೆಪ್ಟೆಂಬರ್ 17 ರಂದು, ಅದರ ಆನ್‌ಲೈನ್ ಭಾಗ ತೆರೆದದ್ದು ಅಕ್ಟೋಬರ್ 1 ರಂದು, ಅದರ ಮೊದಲ ದಿನಗಳೆಲ್ಲ ಸರ್ವರ್ ತೊಂದರೆಯಲ್ಲೇ ಕಳೆದವು.